ಗರ್ಭಾವಸ್ಥೆಯಲ್ಲಿ ಆರ್‌ಎಚ್ ಅಸಾಂಗತ್ಯ

ಆರ್‌ಎಚ್ ಅಸಾಂಗತ್ಯ ಎಂಬುದು ಗರ್ಭಿಣಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು, ಗರ್ಭಸ್ಥ ಶಿಶುವಿನ ರಕ್ತ ಪಾಸಿಟಿವ್ ಆಗಿರುವ ಸ್ಥಿತಿ. ಭಾರತದಲ್ಲಿ ನೂರಕ್ಕೆ ಸುಮಾರು 5 ಮಂದಿಯ ರಕ್ತ ನೆಗೆಟಿವ್ ಆಗಿರುತ್ತದೆ. ಇದರ ದುಷ್ಪರಿಣಾಮವನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದು 1968ರಿಂದ ಬಳಕೆಯಲ್ಲಿರುವುದರಿಂದ, ಈ ಕಾರಣಕ್ಕೆ ಶಿಶುವಿಗೆ ಹಾನಿಯಾದಾಗ ವೈದ್ಯಕೀಯ ನಿರ್ಲಕ್ಷ್ಯದ ಪ್ರಶ್ನೆ ಏಳುತ್ತದೆ.

ಕಾರಣ ಮತ್ತು ಪರಿಣಾಮ

ಹೆರಿಗೆ, ಗರ್ಭಪಾತ ಅಥವಾ ಗರ್ಭಿಣಿಯ ಹೊಟ್ಟೆಗೆ ಪೆಟ್ಟು ಬಿದ್ದ ಸಂದರ್ಭದಲ್ಲಿ ಶಿಶುವಿನ ಕೆಂಪು ರಕ್ತಕಣಗಳು ತಾಯಿಯ ರಕ್ತವನ್ನು ಸೇರಬಹುದು. ಆಗ ತಾಯಿಯ ದೇಹ ಅವುಗಳ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಮುಂದಿನ ಬಸಿರಿನಲ್ಲಿ ಈ ಪ್ರತಿಕಾಯಗಳು ಮಾಸನ್ನು ದಾಟಿ ಶಿಶುವಿನ ರಕ್ತಕಣಗಳನ್ನು ನಾಶಪಡಿಸುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಮೈ ಬಾವು, ಕೆಲವೊಮ್ಮೆ ಗರ್ಭದಲ್ಲೇ ಮರಣ ಉಂಟಾಗುತ್ತದೆ. ಪ್ರತಿಕಾಯಗಳು ಒಮ್ಮೆ ಹುಟ್ಟಿದ ಮೇಲೆ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ.

ಇಂತಹ ಒಂದು ಪ್ರಕರಣವನ್ನು 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ವರದಿ ಮಾಡಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಅಂಶವನ್ನು ವಿವರಿಸಿದರು. 1960ರ ದಶಕದಲ್ಲಿ ಲಿವರ್‌ಪೂಲ್ ಮತ್ತು ನ್ಯೂಯಾರ್ಕ್‌ನ ಸಂಶೋಧಕರು ತಡೆಮದ್ದನ್ನು ರೂಪಿಸಿದರು.

ನಿರೀಕ್ಷಿತ ಆರೈಕೆ

ಮೊದಲ ತಪಾಸಣೆಯಲ್ಲೇ ಗರ್ಭಿಣಿಯ ರಕ್ತದ ಗುಂಪನ್ನು, ಅದು ನೆಗೆಟಿವ್ ಇದ್ದಲ್ಲಿ ಪತಿಯ ಗುಂಪನ್ನೂ ತಿಳಿಯಬೇಕು. ಪರೋಕ್ಷ ಕೂಂಬ್ಸ್ ಪರೀಕ್ಷೆಯಲ್ಲಿ ಪ್ರತಿಕಾಯಗಳು ಕಾಣದಿದ್ದರೆ ಸುಮಾರು 28ನೆಯ ವಾರದಲ್ಲಿ 300 ಮೈಕ್ರೋಗ್ರಾಂ ಆಂಟಿ-ಡಿ ನೀಡುವುದು ವಾಡಿಕೆ. ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಗಳೊಳಗೆ ಮತ್ತೊಮ್ಮೆ ನೀಡಬೇಕು. ಗರ್ಭಪಾತದ ನಂತರವೂ ಇದು ಬೇಕೆಂಬುದು ಹೆಚ್ಚಾಗಿ ಮರೆತುಹೋಗುವ ಸಂಗತಿ.

ಯಲಬುರ್ಗಾ ಭಾಗದ ಪರಿಸ್ಥಿತಿ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಮಳೆಯಾಶ್ರಿತ, ಬರಪೀಡಿತ ತಾಲ್ಲೂಕು. ಇಲ್ಲಿಂದ ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು ಅನೇಕ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಸಂಪ್ರದಾಯವೂ ಉಂಟು. ಹೀಗಾಗಿ ತಪಾಸಣೆ ಒಂದೂರಲ್ಲಿ, ಹೆರಿಗೆ ಇನ್ನೊಂದೂರಲ್ಲಿ ಆದಾಗ ತಾಯಿ ಕಾರ್ಡಿನಲ್ಲಿ ಬರೆದ ರಕ್ತದ ಗುಂಪೇ ಆಧಾರ. ಕಾರ್ಡು ಗಂಡನ ಮನೆಯಲ್ಲೇ ಉಳಿದರೆ ಆ ಮಾಹಿತಿಯೂ ಅಲ್ಲೇ ಉಳಿಯುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ.

ಕಾನೂನು

ಸುಪ್ರೀಂ ಕೋರ್ಟ್ 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ಹಣ ಪಡೆದು ನೀಡುವ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. ಎಲ್ಲರಿಗೂ ಪೂರ್ಣ ಉಚಿತ ಸೇವೆ ನೀಡುವ ಆಸ್ಪತ್ರೆಗಳು ಅದರ ಹೊರಗುಳಿದವು. ಅಂದರೆ ಅಂಥ ಆಸ್ಪತ್ರೆಯನ್ನೇ ನಂಬಿದ ಬಡವರಿಗೆ ಗ್ರಾಹಕ ಆಯೋಗದ ಬಾಗಿಲು ತೆರೆಯದು, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯ ಸಾಬೀತಾಗಬೇಕು.

ಇಂತಹ ಪ್ರಕರಣಗಳ ವಿಶೇಷ ತೊಡಕು ಕಾಲದ್ದು. ಚುಚ್ಚುಮದ್ದು ತಪ್ಪುವುದು ಮೊದಲ ಹೆರಿಗೆಯಲ್ಲಿ, ಹಾನಿ ಕಾಣುವುದು ಮುಂದಿನ ಬಸಿರಿನಲ್ಲಿ. ಗ್ರಾಹಕ ದೂರಿಗೆ 2 ವರ್ಷಗಳ ಕಾಲಮಿತಿಯಿದ್ದು, ವಿಳಂಬಕ್ಕೆ ಸಕಾರಣ ತೋರಿಸಿದರೆ ಆಯೋಗ ಅದನ್ನು ಮನ್ನಿಸಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ವೈದ್ಯರು ಒಳರೋಗಿಗಳ ದಾಖಲೆಗಳನ್ನು 3 ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಗಳೊಳಗೆ ಅವುಗಳನ್ನು ಒದಗಿಸಬೇಕು.