ಪತಿತರಿಗೆ ಮುಕ್ತಿಯುಂಟೆ? ಶ್ರೀರಂಗಪಟ್ಟಣದ ಕ್ರೈಸ್ತರ ಒಂದು ಪ್ರಕರಣ

ಒಮ್ಮೆ ದೇವರ ಪ್ರಸಾದಕ್ಕೆ ಪಾತ್ರನಾದ ಕ್ರೈಸ್ತನು ಅದನ್ನು ಕಳೆದುಕೊಳ್ಳಬಲ್ಲನೆ? ಕಳೆದುಕೊಂಡರೆ ಮರಳಿ ಪಡೆಯಬಲ್ಲನೆ? ಈ ವಾದವು ಶಾಸ್ತ್ರಗ್ರಂಥಗಳಲ್ಲಿಯೇ ಉಳಿಯದೆ, ಕನ್ನಡನಾಡಿನಲ್ಲಿ ಸಾವಿರಾರು ಕುಟುಂಬಗಳ ಬಾಳಿನ ಪ್ರಶ್ನೆಯಾಗಿ ನಿಂತುದುಂಟು.

ಕುಂಸಿ, ಶಿವಮೊಗ್ಗೆಗಳ ಸೀಮೆಯೂ ಕರಾವಳಿಯ ಮಂಗಳೂರೂ ಒಂದು ಕಾಲದಲ್ಲಿ ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದುವು. ಗೋವೆಯ ಕಡೆಯಿಂದ ಬಂದ ಕೊಂಕಣಿ ಕ್ರೈಸ್ತರು ಆ ಅರಸರ ಆಶ್ರಯದಲ್ಲಿ ಕರಾವಳಿಯಲ್ಲಿ ಬೇಸಾಯಗಾರರಾಗಿ ನೆಲೆಸಿದರು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಮೇಲೆ ಅವರು ಮೈಸೂರಿಗೆ ಅಧೀನರಾದರು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪುಸುಲ್ತಾನನು ೧೭೮೪ರ ಫೆಬ್ರವರಿ ತಿಂಗಳಲ್ಲಿ ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯನ್ನು ಕೆಲವರು ೩೦,೦೦೦ವೆಂದೂ ಕೆಲವರು ೮೦,೦೦೦ವೆಂದೂ ಹೇಳುವರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಅನೇಕರು ಬಲಾತ್ಕಾರದಿಂದ ಇಸ್ಲಾಂ ಮತಕ್ಕೆ ಸೇರಿಸಲ್ಪಟ್ಟರು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಸೆರೆಯಿಂದ ಬಿಡುಗಡೆಯಾದವರು ಸಭೆಯ ಬಾಗಿಲಿಗೆ ಬಂದರು. ಅವರನ್ನು ಮತ್ತೆ ಒಂದುಗೂಡಿಸುವ ಕೆಲಸಕ್ಕೆ ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ತಮ್ಮ ತ್ಯಾಗವು ಹೊರಗಿನದು ಮಾತ್ರ, ಹೃದಯದಲ್ಲಿ ವಿಶ್ವಾಸವು ಅಳಿಯಲಿಲ್ಲವೆಂಬುದು ಹಿಂತಿರುಗಿದವರ ಸಮಾಧಾನ. ಬಾಯಿ ಬಿಟ್ಟುದನ್ನು ಮನಸ್ಸು ಬಿಟ್ಟಿರಲಿಲ್ಲವಾದರೆ ಅದು ತ್ಯಾಗವೆ?

ಈ ಪ್ರಶ್ನೆ ಹೊಸದಲ್ಲ. ರೋಮಿನ ಚಕ್ರವರ್ತಿ ಡೀಸಿಯಸನು ಕ್ರಿ. ಶ. ೨೫೦ರಲ್ಲಿ ಕ್ರೈಸ್ತರನ್ನು ಪೀಡಿಸಿದಾಗ ಬಹು ಮಂದಿ ದೇವತೆಗಳಿಗೆ ಬಲಿಯರ್ಪಿಸಿ ಜೀವ ಉಳಿಸಿಕೊಂಡರು. ಅಂತಹವರಿಗೆ ಸಭೆಯಲ್ಲಿ ಮರಳಿ ಸ್ಥಾನ ಸಲ್ಲದೆಂದು ನೊವಾಟಿಯನನು ಹಠ ಹಿಡಿದನು. ತಪಸ್ಸು ಪ್ರಾಯಶ್ಚಿತ್ತಗಳ ಬಳಿಕ ಸೇರಿಸಿಕೊಳ್ಳಬಹುದೆಂದು ಕಾರ್ಥೇಜಿನ ಬಿಷಪ್ ಸಿಪ್ರಿಯನನು ನಿರ್ಣಯಿಸಿದನು. ಸಭೆಯು ಸಿಪ್ರಿಯನನ ಪಕ್ಷವನ್ನೇ ಹಿಡಿಯಿತು. ೧೫೪೭ರಲ್ಲಿ ಟ್ರೆಂಟಿನ ಸಭೆಯು, ಪ್ರಸಾದವು ಮಹಾಪಾಪದಿಂದ ನಷ್ಟವಾಗುವುದು, ಪಾಪನಿವೇದನೆಯಿಂದ ಮರಳಿ ದೊರೆಯುವುದು ಎಂದು ಸಾರಿತು. ಜ್ಞಾನಸ್ನಾನವನ್ನು ಮಾತ್ರ ಎರಡನೆಯ ಸಲ ಮಾಡತಕ್ಕದ್ದಲ್ಲ. ಅದರ ಮುದ್ರೆ ಅಳಿಯದು. ೧೬೧೮-೧೯ರಲ್ಲಿ ಹಾಲೆಂಡಿನ ಡೋರ್ಟಿನಲ್ಲಿ ಕೂಡಿದ ಕಾಲ್ವಿನನ ಅನುಯಾಯಿಗಳಾದರೋ ದೇವರು ಆರಿಸಿಕೊಂಡವನು ಕೊನೆಗೆ ಬೀಳಲಾರನೆಂದರು; ಅರ್ಮಿನಿಯಸನ ಪಕ್ಷದವರು ಇದನ್ನು ಒಪ್ಪಲಿಲ್ಲ. ಶ್ರೀವೈಷ್ಣವರ ಮಾರ್ಜಾರಕಿಶೋರ, ಮರ್ಕಟಕಿಶೋರ ನ್ಯಾಯಗಳನ್ನು ಬಲ್ಲವರಿಗೆ ಈ ಭೇದವು ಅಪರಿಚಿತವಲ್ಲ. ತಾಯಿಬೆಕ್ಕು ಕಚ್ಚಿ ಒಯ್ಯುವ ಮರಿಗೆ ಬೀಳುವ ಭಯವಿಲ್ಲ. ತಾಯಿಯನ್ನು ತಾನೇ ಅಪ್ಪಿಕೊಂಡ ಕೋತಿಮರಿ ಕೈಬಿಟ್ಟರೆ ಬೀಳುವುದು.

ದ್ಯುಬುವಾ ನಡೆದುದು ಟ್ರೆಂಟಿನ ದಾರಿಯಲ್ಲಿ. ಆದರೆ ಅವನ ಮನಸ್ಸು ಕೊನೆಯವರೆಗೂ ಸಮಾಧಾನ ಹೊಂದಲಿಲ್ಲ. ೧೮೨೩ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಎದೆಗೊಟ್ಟವರಿಲ್ಲವೆಂದು ಕಟುವಾಗಿ ಬರೆದು, ಈ ನಾಡಿನಲ್ಲಿ ಕ್ರೈಸ್ತಮತವು ಬೇರೂರುವುದೇ ಅಸಾಧ್ಯವೆಂದು ತೀರ್ಮಾನಿಸಿ ಅದೇ ವರ್ಷ ಹಿಂದೂದೇಶವನ್ನು ಬಿಟ್ಟನು. ಸೆರೆಯ ಹೊರಗಿನವನು ಸೆರೆಯವರಿಂದ ಬಯಸಿದ ಧೈರ್ಯವು ಎಷ್ಟು ನ್ಯಾಯವೆಂಬುದನ್ನು ಓದುವವರೇ ವಿಚಾರಿಸಬೇಕು. ತೀರ್ಮಾನವನ್ನಾದರೋ ಕಾಲವು ಸುಳ್ಳು ಮಾಡಿತು. ಹಿಂತಿರುಗಿದವರು ಮಂಗಳೂರಿನ ಸೀಮೆಯಲ್ಲಿ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಅವರ ಸಂತತಿಯವರು ಇಂದಿಗೂ ಅಲ್ಲಿ ಬಾಳುತ್ತಿರುವರು.

ಮ್ಲೇಚ್ಛರು ಬಲಾತ್ಕಾರದಿಂದ ಒಯ್ದವರಿಗೂ ಪ್ರಾಯಶ್ಚಿತ್ತವನ್ನು ವಿಧಿಸಿ ಮನೆಗೆ ಕರೆದುಕೊಳ್ಳತಕ್ಕದ್ದೆಂದು ನಮ್ಮ ದೇವಲಸ್ಮೃತಿಯೂ ಹೇಳಿದೆ. ಇಷ್ಟವಿಲ್ಲದೆ ಬಿದ್ದವನಿಗೂ ಇಷ್ಟಪಟ್ಟು ಬಿಟ್ಟವನಿಗೂ ಒಂದೇ ದಂಡವನ್ನು ವಿಧಿಸುವುದು ಧರ್ಮವಲ್ಲ. ಮುಕ್ತಿಯು ಕಳೆಯುವುದೋ ಕಳೆಯದೋ ಎಂಬ ವಾದವು ಪಂಡಿತರಲ್ಲಿ ಇನ್ನೂ ತೀರಿಲ್ಲ. ಆದರೆ ೧೭೯೯ರಲ್ಲಿ ಶ್ರೀರಂಗಪಟ್ಟಣದಿಂದ ಊರಿಗೆ ನಡೆದು ಬಂದವರು ತಮ್ಮ ಮಟ್ಟಿಗೆ ಅದಕ್ಕೆ ಉತ್ತರವನ್ನು ಕೊಟ್ಟಿದ್ದರು.