ಇಂಗ್ಲಿಷ್ ವಾಕ್ಯದ ಬಗೆ ಗುರುತಿಸುವುದು: ಕನ್ನಡ ಮಾಧ್ಯಮದ ವಿದ್ಯಾರ್ಥಿ ಎಡವುವುದೆಲ್ಲಿ?

ರಾಯಚೂರು ಜಿಲ್ಲೆಯ ಗುರುಗುಂಟಾದಂತಹ ಊರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಯು ವಾಕ್ಯದ ಬಗೆಗಳನ್ನು ಎರಡು ಬಾರಿ ಕಲಿಯುತ್ತಾನೆ. ಕನ್ನಡ ತರಗತಿಯಲ್ಲಿ ಅವು ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳು. ಇಂಗ್ಲಿಷ್ ತರಗತಿಯಲ್ಲಿ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಹೆಸರುಗಳು ಒಂದಕ್ಕೊಂದು ಸರಿಹೊಂದುವುದರಿಂದ ವಾಕ್ಯಗಳೂ ಸರಿಹೊಂದುತ್ತವೆ ಎಂದು ಆತ ಭಾವಿಸುವುದು ಸಹಜ. ತೊಡಕು ಆರಂಭವಾಗುವುದೇ ಇಲ್ಲಿ. ಕನ್ನಡದಲ್ಲಿ ಸಾಮಾನ್ಯವಾಗಿದ್ದ ವಾಕ್ಯವು ಇಂಗ್ಲಿಷಿಗೆ ಹೋದೊಡನೆ ಮಿಶ್ರವಾಗಿಬಿಡಬಹುದು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಸೇರಿದೆ. ಆದರೂ ವಾಕ್ಯರಚನೆಯ ಪಾಠವು ಇಂದಿಗೂ ಸಂಯೋಜಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲೇ ಮುಗಿಯುವುದುಂಟು. ‘ಆ್ಯಂಡ್’ ಕಂಡರೆ ಕಾಂಪೌಂಡ್, ‘ಆಫ್ಟರ್’ ಕಂಡರೆ ಕಾಂಪ್ಲೆಕ್ಸ್ ಎಂಬ ಈ ಅಡ್ಡದಾರಿ ಅರ್ಧ ದೂರ ಮಾತ್ರ ಕರೆದೊಯ್ಯುತ್ತದೆ.

ಗಮನಿಸಬೇಕಾದುದು ಸಂಯೋಜಕ ಪದವನ್ನಲ್ಲ, ಪೂರ್ಣ ಕ್ರಿಯಾಪದವನ್ನು. ಕಾಲವನ್ನು ಸೂಚಿಸುತ್ತ, ತನ್ನದೇ ಕರ್ತೃವನ್ನು ಹೊಂದಿರುವ ಕ್ರಿಯಾಪದ ಒಂದೇ ಇದ್ದರೆ ಅದು ಸಿಂಪಲ್ ವಾಕ್ಯ. ಒಂದಕ್ಕಿಂತ ಹೆಚ್ಚಿದ್ದರೆ ವಾಕ್ಯವನ್ನು ಬಿಡಿಸಿ ನೋಡಬೇಕು. ಬಿಡಿಸಿದ ಭಾಗಗಳೆಲ್ಲ ಸ್ವತಂತ್ರವಾಗಿ ನಿಲ್ಲುವಂತಿದ್ದರೆ ಕಾಂಪೌಂಡ್. ಯಾವುದಾದರೊಂದು ಭಾಗ ಮತ್ತೊಂದನ್ನು ಆಶ್ರಯಿಸಿಯೇ ಅರ್ಥ ಪಡೆಯುವುದಾದರೆ ಕಾಂಪ್ಲೆಕ್ಸ್. ಎಣಿಸುವಾಗ ‘ಹ್ಯಾಸ್ ಬೀನ್ ಸೋಲ್ಡ್’ ಎಂಬ ಮೂರು ಪದಗಳನ್ನು ಒಂದೇ ಕ್ರಿಯಾಪದವೆಂದು ಲೆಕ್ಕಕ್ಕೆ ಹಿಡಿಯಬೇಕು. ‘ಟು ಸೆಲ್’ ಎಂಬುದಾಗಲಿ, ಒಂಟಿಯಾಗಿ ಬರುವ ‘ಸೆಲ್ಲಿಂಗ್’ ಎಂಬುದಾಗಲಿ ಲೆಕ್ಕಕ್ಕೆ ಬಾರದು.

ಈಗ ಕನ್ನಡದ ಕಡೆ ನೋಡೋಣ. ‘ರೈತರು ಭತ್ತವನ್ನು ಕೊಯ್ದು, ಒಣಗಿಸಿ, ಚೀಲಕ್ಕೆ ತುಂಬಿ, ಸಿಂಧನೂರಿಗೆ ಒಯ್ದು ಮಾರಿದರು.’ ಇಲ್ಲಿ ಐದು ಕೆಲಸಗಳು ನಡೆದಿದ್ದರೂ ಪೂರ್ಣ ಕ್ರಿಯಾಪದ ‘ಮಾರಿದರು’ ಎಂಬುದೊಂದೇ. ಕೊಯ್ದು, ಒಣಗಿಸಿ, ತುಂಬಿ, ಒಯ್ದು ಎಂಬ ನಾಲ್ಕೂ ಕೃದಂತಾವ್ಯಯಗಳು. ಇವನ್ನು ಮಣಿಗಳಂತೆ ಪೋಣಿಸುತ್ತ ಹೋಗಿ ಕೊನೆಯಲ್ಲಿ ಒಂದೇ ಗಂಟು ಹಾಕುವುದು ಕನ್ನಡದ ಜಾಯಮಾನ. ಇಂಗ್ಲಿಷ್ ಇದೇ ಸಂಗತಿಯನ್ನು ಸಾಮಾನ್ಯವಾಗಿ ‘ಹಾರ್ವೆಸ್ಟೆಡ್’, ‘ಡ್ರೈಡ್’, ‘ಸೋಲ್ಡ್’ ಎಂದು ಪೂರ್ಣ ಕ್ರಿಯಾಪದಗಳಲ್ಲೇ ಹೇಳುತ್ತದೆ. ಹೀಗೆ ಒಬ್ಬನೇ ಕರ್ತೃವಿಗೆ ಹಲವು ಕ್ರಿಯಾಪದಗಳು ಬಂದಾಗ ಅದನ್ನು ಏನೆಂದು ಕರೆಯಬೇಕೆಂಬುದರಲ್ಲಿ ವ್ಯಾಕರಣ ಪುಸ್ತಕಗಳಲ್ಲೇ ಒಮ್ಮತವಿಲ್ಲ. ಕೆಲವು ಅದನ್ನು ಸಿಂಪಲ್ ಎನ್ನುತ್ತವೆ. ಕರ್ತೃ ಅಧ್ಯಾಹಾರವಾಗಿದೆ ಎಂದು ಭಾವಿಸಿ ಕಾಂಪೌಂಡ್ ಎನ್ನುವ ಪುಸ್ತಕಗಳೂ ಇವೆ. ಪರೀಕ್ಷೆಗೆ ಕೂರುವವರು ತಮ್ಮ ಪಠ್ಯಪುಸ್ತಕ ಯಾವ ಪಕ್ಷದ್ದೆಂದು ಮೊದಲೇ ನೋಡಿಕೊಳ್ಳುವುದು ಲೇಸು.

ಇನ್ನೂ ದೊಡ್ಡ ಎಡವುಗಲ್ಲು ‘ಬಂದ’, ‘ಕಂಡ’, ‘ಹೇಳಿದ’ ಎಂಬಂತಹ ರೂಪಗಳಲ್ಲಿದೆ. ಗುರುಗುಂಟಾಕ್ಕೆ ದೂರವಲ್ಲದ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವಿರುವುದು ಓದುಗರಿಗೆ ತಿಳಿದ ವಿಷಯ. ‘1915ರಲ್ಲಿ ಮಸ್ಕಿಯ ಶಾಸನವನ್ನು ಕಂಡ ಬೀಡನ್ ಚಿನ್ನದ ಗಣಿಯ ಎಂಜಿನಿಯರ್.’ ಈ ಕನ್ನಡ ವಾಕ್ಯದಲ್ಲಿ ಪೂರ್ಣ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ಣವಾಗಿದೆ. ಇಂಗ್ಲಿಷಿನಲ್ಲಿ ಅದು ‘ಬೀಡನ್, ಹೂ ಡಿಸ್ಕವರ್ಡ್ ದಿ ಮಸ್ಕಿ ಎಡಿಕ್ಟ್ ಇನ್ 1915, ವಾಸ್ ಎ ಗೋಲ್ಡ್ ಮೈನಿಂಗ್ ಎಂಜಿನಿಯರ್’ ಎಂದಾಗುತ್ತದೆ. ‘ಡಿಸ್ಕವರ್ಡ್’ ಒಂದು, ‘ವಾಸ್’ ಇನ್ನೊಂದು. ಜೊತೆಗೆ ‘ಹೂ’ ಎಂಬ ಆಶ್ರಯಸೂಚಕ. ಸಂಶಯವಿಲ್ಲದೆ ಕಾಂಪ್ಲೆಕ್ಸ್. ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಬಗೆ ಗುರುತಿಸುವ ವಿದ್ಯಾರ್ಥಿ ಇದನ್ನು ಸಿಂಪಲ್ ಎಂದು ಬರೆದರೆ ಅದು ಅಜ್ಞಾನವಲ್ಲ. ತನ್ನ ಭಾಷೆಯ ಲೆಕ್ಕದಲ್ಲಿ ಆತ ಸರಿಯಾಗಿಯೇ ಎಣಿಸಿದ್ದಾನೆ.

1956ಕ್ಕೆ ಮೊದಲು ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯ ಹಿರಿಯರಲ್ಲಿ ಹಲವರು ಉರ್ದು ಮಾಧ್ಯಮದಲ್ಲಿ ಓದಿದವರು. ಉರ್ದುವಿನ ‘ಜೋ’, ‘ಕಿ’ಗಳ ಪರಿಚಯವಿದ್ದವರಿಗೆ ಇಂಗ್ಲಿಷಿನ ‘ಹೂ’, ‘ದ್ಯಾಟ್’ಗಳು ಅಷ್ಟೇನೂ ಅಪರಿಚಿತವೆನಿಸಿರಲಾರವು. ಕನ್ನಡದಲ್ಲೂ ‘ಯಾರು ಬರುತ್ತಾರೋ ಅವರು’ ಎಂಬ ರಚನೆಯಿದೆ. ಶಿಕ್ಷಕರು ಕಾಂಪ್ಲೆಕ್ಸ್ ವಾಕ್ಯವನ್ನು ಇಂತಹ ಮಾತುಗಳಿಂದ ಆರಂಭಿಸಿದರೆ ಪಾಠ ಹಗುರಾದೀತು. ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ವಿಂಗಡಣೆಯೂ ನಮ್ಮ ಪ್ರಾಚೀನ ವ್ಯಾಕರಣದ್ದಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ, ವಾಕ್ಯಕ್ಕೆಂದೇ ಮೀಸಲಾದ ಪ್ರಕರಣವಿಲ್ಲ.

ಸಂಯೋಜಕ ಪದಗಳು ಮೋಸಗೊಳಿಸುವ ಬಗೆಯನ್ನೂ ನೋಡಬೇಕು. ‘ಲಿಂಗಸುಗೂರು ಆ್ಯಂಡ್ ಮಸ್ಕಿ ಆರ್ ಇನ್ ರಾಯಚೂರು ಡಿಸ್ಟ್ರಿಕ್ಟ್’ ಎಂಬಲ್ಲಿ ‘ಆ್ಯಂಡ್’ ಎರಡು ಊರುಗಳನ್ನು ಕೂಡಿಸಿದೆಯೇ ಹೊರತು ಎರಡು ವಾಕ್ಯಗಳನ್ನಲ್ಲ, ಆದುದರಿಂದ ಸಿಂಪಲ್. ‘ಆಫ್ಟರ್ ದಿ ರೇನ್, ವಿ ಸೋಡ್ ಕಾಟನ್’ ಎಂಬುದೂ ಸಿಂಪಲ್, ಏಕೆಂದರೆ ‘ಆಫ್ಟರ್’ ಮುಂದೆ ಇರುವುದು ಬರಿಯ ನಾಮಪದ. ‘ಆಫ್ಟರ್ ದಿ ರೇನ್ ಸ್ಟಾಪ್ಡ್, ವಿ ಸೋಡ್ ಕಾಟನ್’ ಎಂದೊಡನೆ ಕಾಂಪ್ಲೆಕ್ಸ್. ಇದಕ್ಕೆ ಪ್ರತಿಯಾಗಿ, ‘ಹಿ ಸೆಡ್ ದಿ ಬಸ್ ಹ್ಯಾಡ್ ಗಾನ್’ ಎಂಬಲ್ಲಿ ಸಂಯೋಜಕವೇ ಕಾಣದಿದ್ದರೂ ‘ದ್ಯಾಟ್’ ಅಡಗಿದೆ, ಇದು ಕಾಂಪ್ಲೆಕ್ಸ್. ಕನ್ನಡದಲ್ಲಿ ‘ಎಂದು’ ಎಂಬುದನ್ನು ಹೀಗೆ ಸುಲಭವಾಗಿ ಬಿಡಲಾಗದು.

ಕನ್ನಡಕ್ಕೆ ತೀರ ಹತ್ತಿರವಾದ ಇಂಗ್ಲಿಷ್ ರಚನೆಯೂ ಒಂದಿದೆ. ‘ಹಿಯರಿಂಗ್ ದಿ ಸೈರನ್, ದಿ ಮೈನರ್ಸ್ ವೆಂಟ್ ಡೌನ್’ ಎಂಬುದು ‘ಸೈರನ್ ಕೇಳಿ ಗಣಿ ಕಾರ್ಮಿಕರು ಕೆಳಗಿಳಿದರು’ ಎಂಬುದರ ನೇರ ಪಡಿಯಚ್ಚು. ಎರಡೂ ಭಾಷೆಗಳಲ್ಲಿ ಇದು ಸಾಮಾನ್ಯ ವಾಕ್ಯವೇ. ಹಟ್ಟಿಯ ಚಿನ್ನದ ಗಣಿಯನ್ನು ಬಲ್ಲ ಮಕ್ಕಳಿಗೆ ಇಂತಹ ಉದಾಹರಣೆ ಬೇಗ ನಾಟುತ್ತದೆ.

ಇದೆಲ್ಲ ಅಂಕಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಸಾಲದ ಪತ್ರ, ಉದ್ಯೋಗದ ಪ್ರಕಟಣೆ, ವಿಮೆಯ ಷರತ್ತು ಇವೆಲ್ಲ ಬಹುಪಾಲು ಕಾಂಪ್ಲೆಕ್ಸ್ ವಾಕ್ಯಗಳಲ್ಲೇ ಇರುತ್ತವೆ. ‘ನೋ ಕ್ಲೇಮ್ ವಿಲ್ ಬಿ ಪೇಡ್ ಅನ್‌ಲೆಸ್ ದಿ ಲಾಸ್ ಈಸ್ ರಿಪೋರ್ಟೆಡ್ ಇನ್ ಟೈಮ್’ ಎಂಬ ಮಾದರಿಯ ಸಾಲನ್ನು ಓದುವ ರೈತನ ಮಗ ‘ನೋ ಕ್ಲೇಮ್ ವಿಲ್ ಬಿ ಪೇಡ್’ ಎಂಬಲ್ಲಿಗೇ ನಿಂತರೆ ಪರಿಹಾರವೇ ಇಲ್ಲವೆಂದು ಕೈಚೆಲ್ಲಿಯಾನು. ‘ಅನ್‌ಲೆಸ್’ ಮುಂದಿನ ಅಧೀನ ವಾಕ್ಯವನ್ನು ಬಿಡಿಸಿಕೊಂಡವನಿಗೆ ‘ನಷ್ಟವನ್ನು ಸಕಾಲದಲ್ಲಿ ತಿಳಿಸದ ಹೊರತು’ ಎಂಬ ಷರತ್ತು ಕಾಣುತ್ತದೆ. ಆತ ಅಂದೇ ಅರ್ಜಿ ಹಿಡಿದು ಹೊರಡುತ್ತಾನೆ.