ಹದಿಹರೆಯದ ಮಕ್ಕಳಿಗೆ ಗಾಲ್ಫ್: ರುಚಿ ಹತ್ತಿಸುವುದು ಹೇಗೆ, ಕಲಿಸುವುದು ಎಲ್ಲಿ

ಗಾಲ್ಫ್ ಎಂದ ಕೂಡಲೇ ನಮ್ಮ ಊರುಗಳ ಜನರ ಕಣ್ಣಮುಂದೆ ಬರುವುದು ಹಸಿರು ಹುಲ್ಲಿನ ದಿಬ್ಬ, ಬಿಳಿ ಟೋಪಿಯ ಸಾಹೇಬರು, ಅವರ ಹಿಂದೆ ಚೀಲ ಹೊತ್ತು ನಡೆಯುವ ಹುಡುಗ. ಈ ಚಿತ್ರ ಪೂರ್ತಿ ಸುಳ್ಳಲ್ಲ. ಆಟ ಭಾರತಕ್ಕೆ ಬಂದದ್ದೇ ಬ್ರಿಟಿಷರ ಜೊತೆ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾದವು. ಆದರೆ ಆ ಚೀಲ ಹೊತ್ತ ಹುಡುಗರೇ ಮುಂದೆ ದೊಡ್ಡ ಆಟಗಾರರಾದದ್ದೂ ನಡೆದಿದೆ. 1991 ಮತ್ತು 1993ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದಿಲ್ಲಿಯಲ್ಲಿ ಕ್ಯಾಡಿಯಾಗಿ, ಅಂದರೆ ಚೀಲ ಹೊರುವವರಾಗಿ ಶುರು ಮಾಡಿದವರು. 2016 ಮತ್ತು 2017ರಲ್ಲಿ ಅದೇ ಪಂದ್ಯ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ಕೋಲ್ಕತ್ತದ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು.

ಗಡಿನಾಡಿನ ಕನ್ನಡ ಮನೆಗಳಲ್ಲಿ ಈ ವಿಷಯ ಯಾಕೆ ಬೇಕು ಎಂದು ಕೇಳಬಹುದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಅಥವಾ ಹುಡುಗಿ ಆ ಬಳಿಕ ಮಲಯಾಳಂ, ತಮಿಳು, ಮರಾಠಿ, ತೆಲುಗು ಇಲ್ಲವೇ ಇಂಗ್ಲಿಷ್ ವಾತಾವರಣಕ್ಕೆ ಹೋಗಬೇಕಾಗುತ್ತದೆ. ಗೆಳೆಯರು ಒಬ್ಬೊಬ್ಬರು ಒಂದೊಂದು ಕಡೆ ಚದುರುತ್ತಾರೆ. ಸಂಜೆಯ ಕ್ರಿಕೆಟ್ ತಂಡ ಒಡೆಯುತ್ತದೆ. ಹನ್ನೊಂದು ಜನ ಸೇರದಿದ್ದರೆ ಆಟವಿಲ್ಲ, ಉಳಿಯುವುದು ಮೊಬೈಲ್ ಒಂದೇ. ಇಂಥ ಹೊತ್ತಿನಲ್ಲಿ ಒಬ್ಬರೇ ಆಡಬಹುದಾದ, ಅಪ್ಪ-ಅಮ್ಮನ ಜೊತೆಯೂ ಆಡಬಹುದಾದ ಒಂದು ಆಟ ಗೊತ್ತಿದ್ದರೆ ಒಳ್ಳೆಯದು.

ಆಟದ ಸ್ಥೂಲ ಪರಿಚಯ

ಒಂದು ಪೂರ್ಣ ಮೈದಾನದಲ್ಲಿ 18 ಗುಳಿಗಳಿರುತ್ತವೆ. ಗುಳಿಯ ಅಗಲ 108 ಮಿಲಿಮೀಟರ್, ಅಂದರೆ ನಾಲ್ಕೂಕಾಲು ಅಂಗುಲ. ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ಅದರ ಅಡ್ಡಳತೆ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇಟ್ಟುಕೊಳ್ಳಬಹುದು. ದೂರ ಹೊಡೆಯಲು ಡ್ರೈವರ್, ಮಧ್ಯದ ದೂರಕ್ಕೆ ಐರನ್, ಹತ್ತಿರದಿಂದ ಚೆಂಡನ್ನು ಎತ್ತಿ ಹಾಕಲು ವೆಡ್ಜ್, ಗುಳಿಯ ಬಳಿ ಉರುಳಿಸಲು ಪಟರ್.

ಚೆಂಡನ್ನು ಎಷ್ಟು ಕಡಿಮೆ ಹೊಡೆತದಲ್ಲಿ ಗುಳಿಗೆ ಸೇರಿಸುತ್ತೀರಿ ಎಂಬುದೇ ಲೆಕ್ಕ. ಪ್ರತಿ ಗುಳಿಗೂ ಪಾರ್ ಎಂಬ ಅಂದಾಜು ಇರುತ್ತದೆ. ಅದು ಸಾಮಾನ್ಯವಾಗಿ 3, 4 ಅಥವಾ 5. ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. 18 ಗುಳಿ ಮುಗಿಸಲು ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ, ಎಂಟು-ಹತ್ತು ಕಿಲೋಮೀಟರ್ ನಡಿಗೆಯಾಗುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಲ್ಫ್‌ನಲ್ಲಿ ಓಟದ ದಣಿವಿಲ್ಲ ನಿಜ, ಆದರೆ ಮನೆಯಿಂದ ಹೊರಗೆ, ಬಯಲಿನಲ್ಲಿ ಕಳೆಯುವ ಹೊತ್ತು ದೊಡ್ಡದು.

ಹ್ಯಾಂಡಿಕ್ಯಾಪ್ ಎಂಬ ಏರ್ಪಾಡು ಈ ಆಟದ ವಿಶೇಷ. ಹೊಸಬನಿಗೆ ಅವನ ಮಟ್ಟಕ್ಕೆ ತಕ್ಕಂತೆ ಹೊಡೆತಗಳ ರಿಯಾಯಿತಿ ಸಿಗುತ್ತದೆ. 2020ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಲ್ಲಿ ಇದರ ಮೇಲ್ಮಿತಿ 54. ಹೀಗಾಗಿ ಪಳಗಿದ ತಂದೆಯೂ ಕಲಿಯುತ್ತಿರುವ ಮಗಳೂ ಸರಿಸಮವಾಗಿ ಸ್ಪರ್ಧಿಸಬಹುದು.

ಹದಿಹರೆಯಕ್ಕೆ ಯಾಕೆ ಹೊಂದುತ್ತದೆ

ಈ ವಯಸ್ಸಿನಲ್ಲಿ ಮಕ್ಕಳಿಗೆ ಎರಡು ಕಷ್ಟ. ಯಾರಾದರೂ ಸದಾ ಕಾವಲು ಕಾಯುವುದು ಸೇರದು. ಆದದ್ದಕ್ಕೆಲ್ಲ ಬೇರೆಯವರು ಕಾರಣ ಎಂದು ಅನ್ನಿಸುತ್ತಿರುತ್ತದೆ. ಗಾಲ್ಫ್ ಈ ಎರಡನ್ನೂ ಮುಟ್ಟುತ್ತದೆ. ಇಲ್ಲಿ ಚೆಂಡು ನಿಂತಲ್ಲೇ ನಿಂತಿರುತ್ತದೆ. ಬೌಲರ್ ಇಲ್ಲ, ಕ್ಯಾಚ್ ಬಿಟ್ಟ ಗೆಳೆಯನಿಲ್ಲ, ಪ್ರತಿ ಹೊಡೆತಕ್ಕೂ ಬೆನ್ನ ಹಿಂದೆ ನಿಂತು ನೋಡುವ ಅಂಪೈರೂ ಇಲ್ಲ. ತಪ್ಪಿದ್ದರೆ ಅದು ತನ್ನದೇ. ತಾನೇ ಎಣಿಸಬೇಕು, ದಂಡ ಬಿದ್ದರೆ ತಾನೇ ಹೇಳಬೇಕು.

1925ರ ಅಮೆರಿಕದ ಯು.ಎಸ್. ಓಪನ್‌ನಲ್ಲಿ ಬಾಬಿ ಜೋನ್ಸ್ ಚೆಂಡಿನ ಬಳಿ ಕೋಲಿಟ್ಟಾಗ ಚೆಂಡು ತುಸು ಅಲುಗಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಆತ ತಾನಾಗಿಯೇ ಒಂದು ಹೊಡೆತದ ದಂಡ ಹಾಕಿಕೊಂಡ. ಕೊನೆಗೆ ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತ. ಆ ಒಂದು ಹೊಡೆತ ಹೇಳದಿದ್ದರೆ ಪ್ರಶಸ್ತಿ ಆತನದೇ. ಮಕ್ಕಳಿಗೆ ಪ್ರಾಮಾಣಿಕತೆಯ ಮೇಲೆ ಭಾಷಣ ಮಾಡುವ ಬದಲು ಈ ಸಂಗತಿ ಹೇಳಿದರೆ ಸಾಕು. ಸ್ಪರ್ಧೆಯಲ್ಲಿ ಜೊತೆ ಆಟಗಾರ ನಿಮ್ಮ ಅಂಕಪಟ್ಟಿ ಬರೆಯುತ್ತಾನೆ, ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದರೆ ಪಂದ್ಯದಿಂದಲೇ ಹೊರಗೆ.

ಹೊಲದಲ್ಲೇ ಶುರು ಮಾಡಬಹುದು

ಚಿನ್ನಿದಾಂಡು, ಕುಟ್ಟಿದೊಣ್ಣೆ, ಚಿಣಿಫಣಿ ಎಂದು ನಾನಾ ಹೆಸರಿನಲ್ಲಿ ಕರೆಯುವ ಆಟ ಆಡಿದ ಕೈಗೆ ಕೋಲು ಬೀಸುವುದು ಹೊಸತಲ್ಲ. ಗೋಲಿಯಾಟದಲ್ಲಿ ಗುಳಿಗೆ ಗುರಿಯಿಟ್ಟ ಕಣ್ಣಿಗೆ ಪಟರ್ ಹಿಡಿಯುವುದೂ ಕಷ್ಟವಲ್ಲ.

ಹರಿಯಾಣದ ಪಾಣಿಪತ್ ಜಿಲ್ಲೆಯ ಇಸ್ರಾನಾ ಎಂಬ ಹಳ್ಳಿಯ ಶುಭಂ ಜಗ್ಲಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಹಾಲು ಮಾರುವ ಕುಟುಂಬದ ಈ ಹುಡುಗನ ಊರಿನಲ್ಲಿ ಅನಿವಾಸಿ ಭಾರತೀಯರೊಬ್ಬರು ಗಾಲ್ಫ್ ಶಾಲೆ ತೆರೆದರು. ಅದು ಬೇಗನೇ ಮುಚ್ಚಿಹೋಯಿತು. ಶುಭಂ ಬಿಡದೆ ಹೊಲದಲ್ಲಿ ಅಭ್ಯಾಸ ಮಾಡಿ, ಯೂಟ್ಯೂಬ್ ನೋಡಿ ಕಲಿತು, 2015ರಲ್ಲಿ ಅಮೆರಿಕದಲ್ಲಿ ನಡೆದ ಕಿರಿಯರ ವಿಶ್ವ ಮಟ್ಟದ ಸ್ಪರ್ಧೆಗಳಲ್ಲಿ ಪ್ರಶಸ್ತಿ ಗೆದ್ದ.

ಮೊದಲ ಮೂರು ತಿಂಗಳಿಗೆ ಬೇಕಾದದ್ದು ಇಷ್ಟು:

- ಹಳೆಯ 7 ನಂಬರ್ ಐರನ್ ಒಂದು, ಪಟರ್ ಒಂದು. ಎರಡನ್ನೂ ಸೆಕೆಂಡ್ ಹ್ಯಾಂಡ್ ಕೊಂಡರೆ ಸಾಕು. ಹುಡುಗ ಬೆಳೆಯುವ ವಯಸ್ಸಿನವನು, ಉದ್ದ ಸಾಲದಾದಾಗ ಬದಲಿಸಬೇಕಾಗುತ್ತದೆ. ಎಡಗೈಯವರಿಗೆ ಬೇರೆಯದೇ ಕೋಲು ಬೇಕು.
- ಹಗುರವಾದ ಪ್ಲಾಸ್ಟಿಕ್ ಅಭ್ಯಾಸದ ಚೆಂಡು ಹತ್ತು-ಹನ್ನೆರಡು.
- ಕೊಯ್ಲಾದ ಹೊಲ ಅಥವಾ ಶಾಲೆಯ ಬಯಲು. ನೂರು ಹೆಜ್ಜೆ ಖಾಲಿ ಜಾಗ ಸಾಕು.
- ನಾಲ್ಕಂಗುಲ ಅಗಲದ ಡಬ್ಬಿ ಒಂದು. ಅದನ್ನು ಅಂಗಳದಲ್ಲಿ ಹೂತರೆ ಗುಳಿ ತಯಾರು.

ನಮ್ಮ ದೇಶದ ಹಲವು ಸಣ್ಣ ಮೈದಾನಗಳಲ್ಲಿ ಗುಳಿಯ ಸುತ್ತ ಹುಲ್ಲೇ ಇರುವುದಿಲ್ಲ. ಮರಳು ಹರಡಿ ಸಮ ಮಾಡಿದ ಅಂಥ ಜಾಗಕ್ಕೆ ಬ್ರೌನ್ ಎನ್ನುತ್ತಾರೆ. ಆದ್ದರಿಂದ ಹಸಿರು ಇಲ್ಲವೆಂದು ಕೊರಗಬೇಕಿಲ್ಲ.

ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ನಿಜವಾದ ಗಾಲ್ಫ್ ಚೆಂಡು ಕಲ್ಲಿನಷ್ಟು ಗಟ್ಟಿ. ಜನ, ದನಕರು, ರಸ್ತೆ, ಮನೆಯ ಕಿಟಕಿ ಇರುವ ದಿಕ್ಕಿಗೆ ಅದನ್ನು ಎಂದಿಗೂ ಹೊಡೆಯಬಾರದು. ಕೋಲು ಬೀಸುವವನ ಹಿಂದೆ ಮತ್ತು ಪಕ್ಕದಲ್ಲಿ ಚಿಕ್ಕ ಮಕ್ಕಳು ನಿಲ್ಲಬಾರದು.

ರುಚಿ ಹತ್ತಿಸುವ ಬಗೆ

ಮೊದಲನೆಯದು, ಇದನ್ನು ಔಷಧಿಯಂತೆ ಕುಡಿಸಬೇಡಿ. "ಮೊಬೈಲ್ ಬಿಡು, ಗಾಲ್ಫ್ ಆಡು" ಎಂದರೆ ಮಗ ಎರಡನ್ನೂ ಕೇಳುವುದಿಲ್ಲ. ಕೋಲು-ಚೆಂಡು ತಂದು ಅಂಗಳದಲ್ಲಿ ಇಟ್ಟು, ದೊಡ್ಡವರು ಆಡತೊಡಗಲಿ. ಅಪ್ಪನ ಹೊಡೆತ ತಪ್ಪಿ ಮಣ್ಣೆದ್ದಾಗ ಮಕ್ಕಳು ನಗುತ್ತಾರೆ, ನಕ್ಕವರು ಕೋಲು ಕೇಳುತ್ತಾರೆ.

ಎರಡನೆಯದು, ಪಟರ್‌ನಿಂದ ಆರಂಭಿಸಿ. ಮೂರು ಅಡಿ ದೂರದಿಂದ ಹತ್ತರಲ್ಲಿ ಎಷ್ಟು ಬಿತ್ತು ಎಂದು ಅವರೇ ಬರೆದಿಡಲಿ. ಮುಂದಿನ ವಾರ ಅದೇ ಲೆಕ್ಕ. ತನ್ನ ನಿನ್ನೆಯ ಅಂಕದ ಜೊತೆಗೇ ಸ್ಪರ್ಧೆ, ಪಕ್ಕದ ಮನೆಯ ಹುಡುಗನ ಜೊತೆ ಅಲ್ಲ. ಪರೀಕ್ಷೆಯ ಅಂಕಗಳಿಂದ ಬೇಸತ್ತ ಮಕ್ಕಳಿಗೆ ಇದು ಬೇರೆಯೇ ಅನುಭವ.

ಮೂರನೆಯದು, ಕೈತಿದ್ದುವ ಆಸೆ ಅದುಮಿಕೊಳ್ಳಿ. ಪ್ರತಿ ಹೊಡೆತಕ್ಕೂ "ಹಾಗಲ್ಲ, ಹೀಗೆ" ಎಂದರೆ ಅದು ಇನ್ನೊಂದು ಟ್ಯೂಷನ್ ಆಗುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಐದು ವರ್ಷದವಳಿದ್ದಾಗ ಆಟಕ್ಕೆ ಬಂದವರು. ಅವರ ಮನೆಯಲ್ಲಿ ಮೊದಲು ಯಾರೂ ಗಾಲ್ಫ್ ಆಡುತ್ತಿರಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿ ಅವರ ಚೀಲ ಹೊತ್ತರು. ಟೋಕಿಯೊದಲ್ಲಿ ಒಂದೇ ಹೊಡೆತದ ಅಂತರದಲ್ಲಿ ಕಂಚು ತಪ್ಪಿ ಅದಿತಿ ನಾಲ್ಕನೆಯವರಾದರು. ಎರಡು ವರ್ಷದ ಬಳಿಕ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು. ತಂದೆ-ತಾಯಿ ಮಾಡಬಹುದಾದ ಕೆಲಸ ಇದೇ: ಚೀಲ ಹೊರುವುದು. ಹೊಡೆತ ಮಕ್ಕಳದೇ.

ನಾಲ್ಕನೆಯದು, ಹೆಣ್ಣುಮಕ್ಕಳನ್ನು ಬಿಡಬೇಡಿ. ಮೈಸೂರಿನ ಪ್ರಣವಿ ಅರಸ್ ಅದಿತಿಯ ಜೊತೆ ಭಾರತದ ಏಷ್ಯನ್ ಗೇಮ್ಸ್ ತಂಡದಲ್ಲಿದ್ದರು. ಶ್ರವಣದೋಷವಿರುವ ಎಡಗೈ ಆಟಗಾರ್ತಿ ದೀಕ್ಷಾ ದಾಗರ್ 2022ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕಿವುಡರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು.

ಹತ್ತಿರದ ಮೈದಾನಗಳು

ಹೊಲದಲ್ಲಿ ರುಚಿ ಹತ್ತಿದ ಮೇಲೆ ಒಮ್ಮೆ ನಿಜವಾದ ಮೈದಾನ ತೋರಿಸಬೇಕು. ನೀಲಗಿರಿಯವರಿಗೆ ಉದಕಮಂಡಲದ ಜಿಮ್ಖಾನಾ ಮತ್ತು ವೆಲ್ಲಿಂಗ್ಟನ್ ಜಿಮ್ಖಾನಾ ಮೈದಾನಗಳು ಮನೆ ಬಾಗಿಲಲ್ಲೇ ಇವೆ. ಕಾಸರಗೋಡಿನವರಿಗೆ ಮಂಗಳೂರಿನ ಪಿಲಿಕುಳ, ವಯನಾಡಿನವರಿಗೆ ಕೊಡಗಿನ ವಿರಾಜಪೇಟೆ ಬಳಿಯ ಬಿಟ್ಟಂಗಾಲ, ತಾಳವಾಡಿಯವರಿಗೆ ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಅನುಕೂಲ. ಹೊಸೂರು ಮತ್ತು ಮಡಕಶಿರಾ ಕಡೆಯವರು ಬೆಂಗಳೂರಿಗೆ ಹೋಗಬಹುದು. ಪಶ್ಚಿಮ ತೆಲಂಗಾಣದವರಿಗೆ ಹೈದರಾಬಾದಿನ ಗೋಲ್ಕೊಂಡ ಕೋಟೆಯ ಮಗ್ಗುಲಲ್ಲಿ ಮೈದಾನವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆ. ಅದು ಒಂದು ದಿನದ ಪ್ರಯಾಣ.

ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಕೆಲವು ಕಡೆ ಸದಸ್ಯರ ಜೊತೆ ಬಂದವರಿಗೆ ಮಾತ್ರ ಪ್ರವೇಶ. ಸೇನೆಯ ವ್ಯಾಪ್ತಿಯ ಮೈದಾನಗಳಲ್ಲಿ ಗುರುತಿನ ಚೀಟಿ, ಪೂರ್ವಾನುಮತಿ ಬೇಕಾಗಬಹುದು. ಕಾಲರ್ ಇರುವ ಅಂಗಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗುವುದು ಕ್ಷೇಮ. ಪೂರ್ತಿ ಆಟಕ್ಕೆ ದುಡ್ಡು ಕೊಡುವ ಮೊದಲು ಡ್ರೈವಿಂಗ್ ರೇಂಜ್ ಇದೆಯೇ ಎಂದು ವಿಚಾರಿಸಿ. ಒಂದು ಬುಟ್ಟಿ ಚೆಂಡಿಗೆ ಇಷ್ಟು ಎಂದು ಅಲ್ಲಿ ದರ ಇರುತ್ತದೆ, ನಿಂತಲ್ಲಿಂದಲೇ ಹೊಡೆದು ಅಭ್ಯಾಸ ಮಾಡಬಹುದು.

ಖರ್ಚು, ಕೆಲಸ, ಭವಿಷ್ಯ

ಇಲ್ಲಿ ಮುಚ್ಚುಮರೆ ಬೇಡ. ಹೊಲದ ಆಟ ಅಗ್ಗ, ಸ್ಪರ್ಧೆಯ ಆಟ ದುಬಾರಿ. ತರಬೇತಿ, ಮೈದಾನದ ಶುಲ್ಕ, ಊರೂರು ಪ್ರಯಾಣ ಎಲ್ಲ ಸೇರಿದರೆ ಸಾಮಾನ್ಯ ರೈತ ಕುಟುಂಬಕ್ಕೆ ಹೊರೆ. ಮಗ ವೃತ್ತಿ ಆಟಗಾರನಾಗುತ್ತಾನೆಂದು ನಂಬಿ ಜಮೀನು ಮಾರುವುದು, ಬಡ್ಡಿಗೆ ಸಾಲ ತರುವುದು ಸಲ್ಲದು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯ ಪಟ್ಟಿಯಲ್ಲಿ ಗಾಲ್ಫ್ ಇದೆ. ಆದರೆ ಅದಕ್ಕೆ ರಾಜ್ಯ, ವಿಶ್ವವಿದ್ಯಾಲಯ ಅಥವಾ ರಾಷ್ಟ್ರ ಮಟ್ಟದಲ್ಲಿ ಆಡಿದ ದಾಖಲೆ ಬೇಕು.

ಮೈದಾನದ ಸುತ್ತ ಬೇರೆ ಕೆಲಸಗಳೂ ಇವೆ: ಹುಲ್ಲಿನ ನಿರ್ವಹಣೆ, ನೀರಾವರಿ, ತರಬೇತಿ, ಕೋಲು ದುರಸ್ತಿ. ಕ್ಯಾಡಿ ಕೆಲಸದಿಂದ ಆಟ ಕಲಿತವರು ಬಹಳ. ಆದರೆ 14 ವರ್ಷದೊಳಗಿನ ಮಕ್ಕಳನ್ನು ಆ ಕೆಲಸಕ್ಕೆ ಕಳಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡವರಾದರೂ ಶಾಲೆ ತಪ್ಪಿಸಿ ಕಳಿಸಬಾರದು.

ಎಲ್ಲಕ್ಕೂ ಮದ್ದಲ್ಲ

ಮೂರು ತಿಂಗಳು ನೋಡಿ. ಮಗಳು ತಾನಾಗಿಯೇ ಕೋಲು ತೆಗೆದುಕೊಂಡು ಹೊರಟರೆ ಮುಂದಿನ ಖರ್ಚಿನ ಯೋಚನೆ ಮಾಡಿ. ಬೇಡವೆಂದರೆ ಬಲವಂತ ಬೇಡ. ಆ ಎರಡು ಕೋಲುಗಳನ್ನು ಬೇರೆ ಮನೆಯ ಮಗುವಿಗೆ ಕೊಟ್ಟುಬಿಡಿ, ಕಬಡ್ಡಿಯೋ ಈಜೋ ಚೆಂಡೆಯೋ ಅವರಿಗೆ ಹಿಡಿಸಿದ್ದನ್ನು ಮಾಡಲಿ.

ಮಗು ವಾರಗಟ್ಟಲೆ ಊಟ-ನಿದ್ದೆ ಬಿಟ್ಟು ಮಂಕಾಗಿದ್ದರೆ, ಕುಡಿತ ಅಥವಾ ಮಾದಕ ವಸ್ತುವಿನ ಸುಳಿವು ಕಂಡರೆ, ಸಾಯುವ ಮಾತಾಡಿದರೆ, ಅದಕ್ಕೆ ಯಾವ ಆಟವೂ ಪರಿಹಾರವಲ್ಲ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಸೇವೆ ಇದೆ. ಕರೆ ಮಾಡಿದಾಗ ಯಾವ ಭಾಷೆ ಬೇಕೆಂದು ಕೇಳುತ್ತಾರೆ. ಗಡಿಯ ಯಾವ ಬದಿಯಲ್ಲಿದ್ದರೂ ಕನ್ನಡವನ್ನೇ ಕೇಳಿ ಪಡೆಯಬಹುದು.